ಬೆಟ್ಟವೇರಿ ಕೆಂಡ ಹಾಯುವ ವಾರಾಂತ್ಯ



ವಿನಿಮಯ ಯೋಜನೆಯಡಿ ಟೋಕಿಯೊಗೆ ಓದಲು ಹೋದ ಭಾರತೀಯ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಿ. ಮಾರ್ಚ್ ತಿಂಗಳ ಎರಡನೇ ಭಾನುವಾರ ಹತ್ತಿರ ಬಂದಿದೆ. ಶನಿವಾರ ಚಾರಣ, ಭಾನುವಾರ ಹಬ್ಬ ಎಂಬುದು ಅವನ ಲೆಕ್ಕ. ಎರಡಕ್ಕೂ ಸಿಕ್ಕ ಜಾಗ ಒಂದೇ, ತಕಾವೊ ಬೆಟ್ಟ.

ಶಿಂಜುಕುವಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಎತ್ತರ ಬರೀ 599 ಮೀಟರ್. ಆದರೂ ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು ಜನ ಇಲ್ಲಿಗೆ ಬರುತ್ತಾರೆ. ಅರ್ಧ ಬೆಟ್ಟಕ್ಕೆ ಕೇಬಲ್ ಕಾರ್ ಇದೆ. ಕಾಲ ಮೇಲೆ ನಂಬಿಕೆಯಿದ್ದವರಿಗೆ ತೊರೆಯ ಪಕ್ಕದ ಆರನೇ ದಾರಿಯಿದೆ. ಆ ದಾರಿಯಲ್ಲೇ ಬಿವಾ ಜಲಪಾತ ಸಿಗುತ್ತದೆ. ಅದು ವಿಹಾರಕ್ಕೆ ಬಂದವರು ಮೀಯುವ ಜಾಗವಲ್ಲ, ಸಾಧಕರು ನೀರಧಾರೆಯ ಕೆಳಗೆ ನಿಂತು ಜಪ ಮಾಡುವ ತಾಣ. ಚಾರಣ ಬೇರೆ, ಹಬ್ಬ ಬೇರೆ ಎಂಬ ಹುಡುಗನ ಲೆಕ್ಕ ತಪ್ಪುವುದು ಇಲ್ಲೇ.

ಬೆಟ್ಟ ಹತ್ತುವುದನ್ನೇ ಸಾಧನೆ ಎಂದು ತಿಳಿದ ಪಂಥವೊಂದು ಜಪಾನಿನಲ್ಲಿದೆ. ಅದರ ಹೆಸರು ಶುಗೆಂದೊ. ಬುದ್ಧನನ್ನೂ ನಾಡಿನ ಹಳೆಯ ದೇವರುಗಳನ್ನೂ ಒಟ್ಟಿಗೆ ಪೂಜಿಸಿದ ಪಂಥವದು. ಅದರ ಸಾಧಕರಿಗೆ ಯಾಮಬುಶಿ, ಅಂದರೆ ಬೆಟ್ಟದಲ್ಲಿ ಮಲಗುವವರು, ಎಂದು ಹೆಸರು. ಬೆಟ್ಟದ ಮೇಲಿನ ಯಾಕುವೊಯಿನ್ ದೇಗುಲ 744ರಲ್ಲಿ ಸ್ಥಾಪನೆಯಾಯಿತೆಂಬುದು ಪ್ರತೀತಿ.

ಭಾನುವಾರ ಮಧ್ಯಾಹ್ನ ತಪ್ಪಲಿನ ಬಯಲಿನಲ್ಲಿ ಯಾಮಬುಶಿಗಳು ಶಂಖ ಊದುತ್ತಾ ಬರುತ್ತಾರೆ. ಹಿನೊಕಿ ಮರದ ಹಸಿರು ಸೊಪ್ಪಿನ ರಾಶಿಗೆ ಬೆಂಕಿ ಬಿದ್ದೊಡನೆ ದಟ್ಟ ಬಿಳಿ ಹೊಗೆ ಏಳುತ್ತದೆ, ಆಮೇಲೆ ಜ್ವಾಲೆ. ಜನ ಈ ವಿಧಿಯನ್ನು ಕರೆಯುವ ಹೆಸರು ಕೇಳಿ ಹುಡುಗ ಕಿವಿ ನಿಮಿರಿಸುತ್ತಾನೆ: ‘ಗೊಮಾ’. ನಮ್ಮ ಹೋಮವೇ ಚೀನೀ ಬಾಯಲ್ಲಿ ರೂಪ ಬದಲಿಸಿ ಜಪಾನಿಗೆ ಬಂದು ಹೀಗಾಗಿದೆ. ಮಂತ್ರದ ‘ನೋಮಕು’ ನಮ್ಮ ‘ನಮಃ’. ತಕಾವೊ ದೇಗುಲ ಶಿಂಗೊನ್ ಪಂಥಕ್ಕೆ ಸೇರಿದ್ದು. ಅದರ ಸ್ಥಾಪಕ ಕೂಕಾಯ್ 804ರಲ್ಲಿ ಚೀನಕ್ಕೆ ಹೋಗಿ ದೀಕ್ಷೆ ಪಡೆದು, 806ರಲ್ಲಿ ಮರಳುವಾಗ ಈ ವಿಧಿಗಳನ್ನೂ ತಂದ. ಅವನಿಗೆ ಸಂಸ್ಕೃತ ಕಲಿಸಿದವರಲ್ಲಿ ಪ್ರಜ್ಞ ಎಂಬ ಭಾರತೀಯ ಭಿಕ್ಷುವೂ ಇದ್ದ.

ಇಷ್ಟು ಹಳೆಯ ಈ ಪಂಥ ಒಮ್ಮೆ ಅಳಿದೇ ಹೋಗುವಂತಿತ್ತು. ಮೇಜಿ ಸರ್ಕಾರ 1868ರಲ್ಲಿ ಬುದ್ಧನನ್ನೂ ನಾಡದೇವರುಗಳನ್ನೂ ಬೇರ್ಪಡಿಸುವ ಆಜ್ಞೆ ಹೊರಡಿಸಿತು. ಎರಡನ್ನೂ ಬೆಸೆದಿದ್ದ ಶುಗೆಂದೊಗೆ ಇನ್ನು ಜಾಗವೆಲ್ಲಿ? 1872ರಲ್ಲಿ ಅದನ್ನು ನಿಷೇಧಿಸಲಾಯಿತು. ಯಾಮಬುಶಿಗಳು ಬೌದ್ಧ ಪಂಥಗಳನ್ನು ಸೇರಬೇಕಾಯಿತು, ಇಲ್ಲವೇ ಸಂಸಾರಿಗಳಾಗಬೇಕಾಯಿತು. ಅದು ಸ್ವಂತ ಹೆಸರಿನಲ್ಲಿ ಮತ್ತೆ ತಲೆಯೆತ್ತಿದ್ದು 1945ರ ನಂತರ, ಧಾರ್ಮಿಕ ಸ್ವಾತಂತ್ರ್ಯ ಬಂದ ಮೇಲೆ. ಬೆಂಕಿಯ ಆಟವನ್ನಷ್ಟೇ ನೋಡಿ ಹೊರಡುವ ಪ್ರವಾಸಿಗೆ ಈ ಕಥೆ ದಕ್ಕುವುದಿಲ್ಲ.

ಜ್ವಾಲೆ ಇಳಿದ ಮೇಲೆ ಕೆಂಡವನ್ನು ಹರವಿ ಹಾದಿ ಮಾಡುತ್ತಾರೆ. ಮೊದಲು ಯಾಮಬುಶಿಗಳು ಹಾಯುತ್ತಾರೆ, ಬಳಿಕ ಜನಸಾಮಾನ್ಯರು ಹಾಯುವುದು ಇಲ್ಲಿನ ವಾಡಿಕೆ. ನಮ್ಮೂರ ಕೊಂಡ ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಸಾಲಿನಲ್ಲಿ ಕಚೇರಿ ನೌಕರರಿದ್ದಾರೆ, ಮೊಮ್ಮಗನ ಕೈ ಹಿಡಿದ ಅಜ್ಜಿಯರಿದ್ದಾರೆ. ನಿನ್ನೆಯ ಕೆಸರು ಇನ್ನೂ ಒಣಗದ ಬೂಟುಗಳನ್ನು ಕಳಚಿ ಕೈಯಲ್ಲಿ ಹಿಡಿದು, ಹುಡುಗನೂ ಅವರ ಹಿಂದೆ ನಿಲ್ಲುತ್ತಾನೆ.