ಸೈನಿಕ ವೃತ್ತಿ: ನೌಕರಿಯೋ, ಖಿದ್ಮತ್ತೋ?

(ಬೆಳವಣಕಿಯಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



"ವೃತ್ತಿಧರ್ಮ ಮತ್ತು ಸೇವೆ" ಎಂಬ ವಿಷಯ ಕುರಿತು ಮಾತನಾಡಲು ಸಂಸ್ಥೆಯವರು ಹೇಳಿದ್ದಾರೆ. ವೃತ್ತಿಧರ್ಮ ಎಲ್ಲ ಕೆಲಸಕ್ಕೂ ಇದೆ. ಶಿಕ್ಷಕನಿಗಿದೆ, ವೈದ್ಯನಿಗಿದೆ, ಕರೆಂಟಿನ ಕಂಬ ಹತ್ತುವ ಲೈನ್‌ಮನ್‌ನಿಗೂ ಇದೆ. ಆದರೆ ಇಂದು ನಾನು ಸೈನಿಕನ ವೃತ್ತಿಯನ್ನೇ ಆರಿಸಿಕೊಂಡಿದ್ದೇನೆ. ಕಾರಣವಿಷ್ಟೆ: ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗದ ಹುಡುಗರನ್ನು "ಮುಂದೇನು ಮಾಡ್ತೀರಿ?" ಎಂದು ಕೇಳಿದರೆ "ಮಿಲ್ಟ್ರಿಗೆ ಹೋಗ್ತೀನ್ರಿ ಸರ" ಎನ್ನುವವರು ಕಡಿಮೆಯಿಲ್ಲ. ಯಾಕಪ್ಪಾ ಎಂದರೆ "ಚಲೋ ನೌಕರಿ ಐತ್ರಿ" ಎನ್ನುತ್ತಾರೆ. ಈ ಉತ್ತರ ತಪ್ಪಲ್ಲ. ಆದರೆ ಅರ್ಧ ಉತ್ತರ. ಉಳಿದ ಅರ್ಧ ಏನೆಂಬುದನ್ನು ವಿಚಾರ ಮಾಡೋಣ.

ಎರಡು ಶಬ್ದಗಳು

ಉರ್ದುವಿನಲ್ಲಿ ನೌಕರಿ ಎಂಬ ಶಬ್ದವಿದೆ, ಖಿದ್ಮತ್ ಎಂಬ ಶಬ್ದವೂ ಇದೆ. ಕನ್ನಡದಲ್ಲಿ ನೌಕರಿ, ಚಾಕರಿ ಎನ್ನುತ್ತೇವೆ. ಸೇವೆ ಎಂದೂ ಎನ್ನುತ್ತೇವೆ. ನೌಕರಿಯಲ್ಲಿ ಲೆಕ್ಕವಿದೆ: ಇಷ್ಟು ತಾಸು ದುಡಿದರೆ ಇಷ್ಟು ಪಗಾರ. ಖಿದ್ಮತ್ತಿನಲ್ಲಿ ಪಗಾರವಿಲ್ಲವೆಂದಲ್ಲ, ಆದರೆ ಅಲ್ಲಿ ಲೆಕ್ಕ ಪಗಾರಕ್ಕೇ ಮುಗಿಯುವುದಿಲ್ಲ. ಯಾರೂ ನೋಡದ ಹೊತ್ತಿನಲ್ಲಿ ಮಾಡುವ ಕೆಲಸ ಹೇಗಿದೆ ಎಂಬುದರ ಮೇಲೆ ಅದು ನಿಂತಿದೆ. ಸೈನಿಕನ ಕೈಗೆ ಸಮಾಜ ಬಂದೂಕು ಕೊಡುತ್ತದೆ. ಇನ್ನಾವ ನೌಕರನಿಗೂ ಜೀವ ತೆಗೆಯುವ ಇಂಥ ಅಧಿಕಾರ ಕೊಡುವುದಿಲ್ಲ. ಆದ್ದರಿಂದ ಆ ಬಂದೂಕು ಅವನ ಸ್ವತ್ತಲ್ಲ, ಅಮಾನತ್ತು. ಅಮಾನತ್ತಿನ ವಸ್ತುವನ್ನು ಮಾಲೀಕನ ಮಾತಿನಂತೆಯೇ ಬಳಸಬೇಕು. ನಮ್ಮ ದೇಶದಲ್ಲಿ ಆ ಮಾಲೀಕ ಪ್ರಜೆ, ಅವನ ಮಾತು ಸಂವಿಧಾನ.

1932ರ ಡಿಸೆಂಬರ್ 10ರಂದು ಡೆಹರಾಡೂನಿನಲ್ಲಿ ಸೈನಿಕ ಅಕಾಡೆಮಿಯನ್ನು ಉದ್ಘಾಟಿಸಿದ ಚೆಟ್‌ವುಡ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಅಲ್ಲಿನ ತರುಣರಿಗೆ ಒಂದು ಅನುಕ್ರಮ ಹೇಳಿಕೊಟ್ಟರು. ಮೊದಲು ದೇಶ, ನಂತರ ನಿಮ್ಮ ಕೈಕೆಳಗಿನ ಜವಾನರು, ಎಲ್ಲಕ್ಕೂ ಕೊನೆಗೆ ನಿಮ್ಮ ಸ್ವಂತದ ಸುಖ. ಬ್ರಿಟಿಷರು ಹೋದರೂ ಅಕಾಡೆಮಿ ಈ ಅನುಕ್ರಮವನ್ನು ಬಿಡಲಿಲ್ಲ.

ಬೆಟದೂರಿನ ಹನುಮಂತಪ್ಪ

ದೂರದ ಉದಾಹರಣೆ ಬೇಡ. ನೆರೆಯ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರು ನಮ್ಮಂಥದ್ದೇ ಹಳ್ಳಿ. ಅಲ್ಲಿನ ಹನುಮಂತಪ್ಪ ಕೊಪ್ಪದ ಅವರು 2002ರಲ್ಲಿ ಸೇನೆ ಸೇರಿ 19ನೇ ಮದ್ರಾಸ್ ಬೆಟಾಲಿಯನ್ನಿಗೆ ಹೋದರು. 13 ವರ್ಷಗಳ ಸೇವೆಯಲ್ಲಿ 10 ವರ್ಷ ಕಠಿಣ ಪ್ರದೇಶಗಳಲ್ಲೇ ಕಳೆದರು. ಕಾಶ್ಮೀರದಲ್ಲಿ ರಾಷ್ಟ್ರೀಯ ರೈಫಲ್ಸ್‌ಗೂ, ನಂತರ ಈಶಾನ್ಯ ರಾಜ್ಯಗಳಿಗೂ ತಾವಾಗಿಯೇ ಕೇಳಿಕೊಂಡು ಹೋದವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು 10 ಜನ ಹೂತುಹೋದರು. ಆರನೆಯ ದಿನ ಹನುಮಂತಪ್ಪ ಉಸಿರಾಡುತ್ತ ಸಿಕ್ಕರು. ಇಡೀ ದೇಶವೇ ಪ್ರಾರ್ಥಿಸಿತು. ಮಸೀದಿ, ಮಂದಿರ, ಚರ್ಚು ಎನ್ನದೆ ಎಲ್ಲೆಡೆ ದುಆ ನಡೆಯಿತು. ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಉಳಿದ ಒಂಬತ್ತು ಜನರಲ್ಲಿ ಇಬ್ಬರು ನಮ್ಮ ರಾಜ್ಯದವರೇ. ಒಬ್ಬರು ಹಾಸನ ಜಿಲ್ಲೆಯವರು, ಇನ್ನೊಬ್ಬರು ಮೈಸೂರು ಜಿಲ್ಲೆಯವರು.

ಈ ಘಟನೆಯಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಮಾತೊಂದಿದೆ. ಅವರನ್ನು ಹೊರತೆಗೆದವರು ಯಾರು? ಮೈಕೊರೆಯುವ ಆ ಚಳಿಯಲ್ಲಿ, ಉಸಿರಾಟಕ್ಕೇ ಕಷ್ಟಪಡಬೇಕಾದ ಎತ್ತರದಲ್ಲಿ, ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ದಿನಗಟ್ಟಲೆ ಕಡಿದ ಜವಾನರು. ಜೊತೆಗೆ ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು. ಯಾರೂ ಬದುಕಿರಲಾರರು ಎಂದು ಲೋಕವೇ ತೀರ್ಮಾನಿಸಿದ ಮೇಲೂ ಅವರು ಅಗೆಯುವುದನ್ನು ನಿಲ್ಲಿಸಲಿಲ್ಲ. ಅವರ ಹೆಸರು ನಮಗೆ ಗೊತ್ತಿಲ್ಲ. ಹೆಸರು ಬರಲೆಂದು ಅವರು ಅಗೆಯಲೂ ಇಲ್ಲ. ಖಿದ್ಮತ್ ಎಂದರೆ ಇದು.

ಕಾರ್ಯಪ್ಪನವರ ತೂಕ

ಕೊಡಗಿನ ಕೆ.ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದಿಗೂ ಸೇನಾ ದಿನ. 1965ರ ಯುದ್ಧದ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಅವರ ಮಗ ವಾಯುಪಡೆಯಲ್ಲಿ ವಿಮಾನ ಹಾರಿಸುತ್ತಿದ್ದರು. ಸೆಪ್ಟೆಂಬರ್ 22ರಂದು ಆ ವಿಮಾನ ಹೊಡೆತಕ್ಕೆ ಸಿಕ್ಕು, ಮಗ ಪಾಕಿಸ್ತಾನದ ಸೆರೆಯಾಳಾದರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನಿಗೆ ವಿಶೇಷ ರಿಯಾಯಿತಿ ತೋರಿಸಲು ಸಿದ್ಧವೆಂದು ಹೇಳಿಕಳಿಸಿದರು. ಸೆರೆಯಲ್ಲಿರುವ ಎಲ್ಲ ಜವಾನರೂ ತಮ್ಮ ಮಕ್ಕಳೇ, ಅವರಿಗಿಲ್ಲದ ರಿಯಾಯಿತಿ ತಮ್ಮ ಮಗನಿಗೂ ಬೇಡ ಎಂಬ ಉತ್ತರ ಹೋಯಿತು. ಮಗ ಉಳಿದವರಂತೆಯೇ ತಿಂಗಳುಗಟ್ಟಲೆ ಸೆರೆಯಲ್ಲಿದ್ದು, 1966ರ ಜನವರಿಯಲ್ಲಿ ಬಿಡುಗಡೆಯಾದರು.

ಪಾಲಕರೇ, ನಾವು ಎದೆ ಮುಟ್ಟಿ ಕೇಳಿಕೊಳ್ಳೋಣ. ಮಗನ ಅಡ್ಮಿಶನ್ನಿಗೆ, ಮಗಳ ಅಂಕಪಟ್ಟಿಗೆ, ಅಳಿಯನ ವರ್ಗಾವಣೆಗೆ ನಾವು ಎಷ್ಟು ಬಾಗಿಲು ಬಡಿಯುತ್ತೇವೆ? ಬಡಿಯದೆಯೇ ತೆರೆದ ಬಾಗಿಲನ್ನು ಆ ತಂದೆ ಮುಚ್ಚಿದರು. ಕಾಯಿದೆಯಲ್ಲಿ ಅದಕ್ಕೆ ಒತ್ತಾಯವಿರಲಿಲ್ಲ. ವೃತ್ತಿಧರ್ಮ ಕಾಯಿದೆಗಿಂತ ಒಂದು ಹೆಜ್ಜೆ ಮುಂದಿರುತ್ತದೆ.

ಕೊಡಗಿನವರೇ ಆದ ತಿಮ್ಮಯ್ಯನವರ ಕೆಲಸ ಇನ್ನೊಂದು ಬಗೆಯದು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳಿದ್ದರು. ಅವರ ವಿಷಯ ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು, ಕಾವಲಿಗೆ ಭಾರತದ ಜವಾನರು. ಎರಡೂ ಕಡೆಯವರು ಅವರ ಮೇಲೆ ಒತ್ತಡ ತಂದರು, ಎರಡೂ ಕಡೆಯವರು ದೂರಿದರು. ಆದರೂ ಯಾರನ್ನೂ ಬಲವಂತದಿಂದ ಕಳಿಸಲಿಲ್ಲ, ಬಲವಂತದಿಂದ ಇಟ್ಟುಕೊಳ್ಳಲೂ ಇಲ್ಲ. ಗುಂಡು ಹಾರಿಸುವುದಷ್ಟೇ ಸೈನಿಕನ ಕೆಲಸವಲ್ಲ. ಎಷ್ಟೋ ಸಲ ಹಾರಿಸದೆ ತಡೆದುಕೊಳ್ಳುವುದೇ ದೊಡ್ಡ ಕೆಲಸ.

ಆಜ್ಞೆಗೂ ಎಲ್ಲೆಯಿದೆ

"ಸೈನ್ಯದಲ್ಲಿ ಹೇಳಿದಂತೆ ಕೇಳಬೇಕು, ಅಲ್ಲಿ ಧರ್ಮ, ನೀತಿ ಎಲ್ಲಿಂದ ಬಂತು?" ಎಂದು ಕೆಲವರು ಕೇಳಬಹುದು. ಶಿಸ್ತಿಲ್ಲದ ಸೇನೆ ಸೇನೆಯಲ್ಲ, ಅದು ದೊಂಬಿ. ಇದು ನಿಜ. ಆದರೆ 1950ರ ಸೇನಾ ಕಾಯಿದೆ ಏನು ಹೇಳುತ್ತದೆ ನೋಡಿ. ಅದರ 41ನೇ ಕಲಮಿನಲ್ಲಿ ಅಪರಾಧವೆಂದು ಹೇಳಿರುವುದು ಮೇಲಧಿಕಾರಿಯ ನ್ಯಾಯಸಮ್ಮತ ಆಜ್ಞೆಯನ್ನು ಮೀರುವುದನ್ನು. ನ್ಯಾಯಸಮ್ಮತ ಎಂಬ ಆ ಒಂದು ಶಬ್ದದಲ್ಲಿ ಸೈನಿಕನ ಮನಸ್ಸಾಕ್ಷಿಗೆ ಜಾಗವಿದೆ. ಶರಣಾದವನನ್ನು ಕೊಲ್ಲು, ನಿರಪರಾಧಿಯನ್ನು ಹಿಂಸಿಸು ಎಂಬುದು ನ್ಯಾಯಸಮ್ಮತ ಆಜ್ಞೆಯಾಗದು. ಗಾಯಾಳುಗಳನ್ನು, ಸೆರೆಯಾಳುಗಳನ್ನು, ನಾಗರಿಕರನ್ನು ಕಾಪಾಡಬೇಕೆಂದು 1949ರ ಜಿನೀವಾ ಒಪ್ಪಂದಗಳು ವಿಧಿಸಿದವು. ಭಾರತ ಅದಕ್ಕಾಗಿ 1960ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು.

ಈ ವಿಚಾರ ನಮಗೆ ಹೊಸತಲ್ಲ. ಖಲೀಫಾ ಹಜರತ್ ಅಬೂಬಕರ್ (ರಜಿ.) ಅವರು ಶಾಮ್ ದೇಶದ ಕಡೆಗೆ ಸೈನ್ಯ ಕಳಿಸುವಾಗ ಕೊಟ್ಟ ಸೂಚನೆಗಳು ಪ್ರಸಿದ್ಧವಾಗಿವೆ. ಹೆಂಗಸರು, ಮಕ್ಕಳು, ಮುದುಕರ ಮೇಲೆ ಕೈ ಮಾಡಬಾರದು, ಫಲ ಕೊಡುವ ಗಿಡ ಕಡಿಯಬಾರದು, ಮಠಗಳಲ್ಲಿ ಧ್ಯಾನದಲ್ಲಿರುವವರನ್ನು ಅವರ ಪಾಡಿಗೆ ಬಿಡಬೇಕು, ಮಾತಿಗೆ ತಪ್ಪಬಾರದು. ಯುದ್ಧದಲ್ಲೂ ಮನುಷ್ಯ ಮನುಷ್ಯನಾಗಿಯೇ ಉಳಿಯಬೇಕು ಎಂಬುದೇ ಇದರ ತಾತ್ಪರ್ಯ.

ಪ್ರಮಾಣಪತ್ರಕ್ಕಾಗಿ ಅಲ್ಲ

ಈಗ ನಮ್ಮ ಹುಡುಗರ ಮನಸ್ಸಿನಲ್ಲಿರುವ, ಆದರೆ ಬಾಯಿಬಿಟ್ಟು ಹೇಳದ ಒಂದು ಮಾತಿಗೆ ಬರುತ್ತೇನೆ. "ನಾವು ಸೇನೆಗೆ ಹೋದರೆ ಜನ ನಮ್ಮನ್ನು ನಂಬುತ್ತಾರೆ" ಎಂದು ಕೆಲವರು ತಿಳಿದಿದ್ದಾರೆ. ಇದು ನೋವಿನ ಮಾತು. ದೇಶಪ್ರೇಮವನ್ನು ಸಾಬೀತುಪಡಿಸಲು ಪ್ರಾಣವನ್ನೇ ದಾಖಲೆಯಾಗಿ ಕೊಡಬೇಕಾದ ಅಗತ್ಯ ಯಾವ ಪ್ರಜೆಗೂ ಇಲ್ಲ.

ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರು ಬಲೂಚ್ ರೆಜಿಮೆಂಟಿನವರು. ವಿಭಜನೆಯಾದಾಗ ಆ ರೆಜಿಮೆಂಟು ಪಾಕಿಸ್ತಾನಕ್ಕೆ ಹೋಯಿತು, ಉಸ್ಮಾನ್ ಭಾರತದಲ್ಲೇ ಉಳಿದರು. ಝಂಗರ್ ಕೈತಪ್ಪಿದಾಗ, ಅದನ್ನು ಮರಳಿ ಪಡೆಯುವವರೆಗೆ ಮಂಚದ ಮೇಲೆ ಮಲಗುವುದಿಲ್ಲವೆಂದು ಶಪಥ ಮಾಡಿದರು. 1948ರ ಮಾರ್ಚಿನಲ್ಲಿ ಅದನ್ನು ಪಡೆದರು. ಅದೇ ವರ್ಷ ಜುಲೈ 3ರಂದು ಅಲ್ಲಿಯೇ ಶೆಲ್ ಬಿದ್ದು ಹುತಾತ್ಮರಾದರು. 36 ತುಂಬಲು ಇನ್ನು 12 ದಿನ ಬಾಕಿಯಿತ್ತು. ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಮದುವೆಯಾಗದ ಅವರು ಪಗಾರದ ಬಹುಪಾಲನ್ನು ಬಡಮಕ್ಕಳ ಓದಿಗೆ ಖರ್ಚು ಮಾಡುತ್ತಿದ್ದರು. ಶಿಕ್ಷಣ ಸಂಸ್ಥೆಯ ಈ ವೇದಿಕೆಯಲ್ಲಿ ಅದನ್ನು ನೆನೆಯಲೇಬೇಕು. ಇನ್ನು ದರ್ಜಿಯ ಮಗ ಅಬ್ದುಲ್ ಹಮೀದ್. 1965ರ ಸೆಪ್ಟೆಂಬರ್ 10ರಂದು ಪಂಜಾಬಿನ ಖೇಮಕರಣ್ ಭಾಗದಲ್ಲಿ ಜೀಪಿನ ಮೇಲಿನ ತೋಪಿನಿಂದ ಶತ್ರುವಿನ ಹಲವು ಟ್ಯಾಂಕುಗಳನ್ನು ಒಡೆದು ಪ್ರಾಣ ಕೊಟ್ಟರು; ಪರಮವೀರ ಚಕ್ರ ಪಡೆದರು. ಇಬ್ಬರೂ ಯಾರಿಗೂ ಪ್ರಮಾಣಪತ್ರ ತೋರಿಸಲು ಹೋದವರಲ್ಲ. ವಹಿಸಿದ ಫರ್ಜ್ ಮಾಡಿದರು.

ಹೆಣ್ಣುಮಕ್ಕಳೇ, ಇದು ನಿಮಗೂ ಸಂಬಂಧಿಸಿದ್ದು. 2025ರ ಮೇ 7ರಂದು ಸೇನೆಯ ಕಾರ್ಯಾಚರಣೆಯನ್ನು ದೇಶಕ್ಕೆ ವಿವರಿಸಿದ ಕರ್ನಲ್ ಸೋಫಿಯಾ ಖುರೇಷಿ ಅವರ ಪತಿಯ ಊರು ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಕೊಣ್ಣೂರು. 2006ರಲ್ಲಿ ಕಾಂಗೋದಲ್ಲಿ ವಿಶ್ವಸಂಸ್ಥೆಯ ಶಾಂತಿ ಕಾರ್ಯದಲ್ಲಿದ್ದವರು ಅವರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಹೆಣ್ಣುಮಕ್ಕಳ ಮೊದಲ ತಂಡ ಹೊರಬಂದದ್ದೂ ಅದೇ ಮೇ ತಿಂಗಳಲ್ಲಿ.

ಮೊದಲ ಪರೀಕ್ಷೆ ಊರಲ್ಲೇ

ಸೇನೆಗೆ ಹೋಗಬೇಕೆನ್ನುವ ವಿದ್ಯಾರ್ಥಿಗಳೇ, ಲೆಕ್ಕವನ್ನೂ ತಿಳಿದುಕೊಳ್ಳಿ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ಸೇವೆ ನಾಲ್ಕು ವರ್ಷ. ನಂತರ ನೂರಕ್ಕೆ ಹೆಚ್ಚೆಂದರೆ 25 ಜನರನ್ನು ಮುಂದುವರಿಸಿಕೊಳ್ಳುವುದು, ಉಳಿದವರನ್ನು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಕೊಟ್ಟು ಕಳಿಸುವುದು ಎಂದು ಆಗ ಹೇಳಲಾಯಿತು. ಅಂದರೆ ಚಿಕ್ಕ ವಯಸ್ಸಿನಲ್ಲೇ ಮರಳಿ ಬಂದು ಇನ್ನೊಂದು ಬದುಕು ಕಟ್ಟಬೇಕಾದೀತು. ಆದ್ದರಿಂದ ಓಟದ ಜೊತೆಗೆ ಓದನ್ನು ಬಿಡಬೇಡಿ. 2025ರಲ್ಲಿ ಪ್ರವೇಶ ಪರೀಕ್ಷೆಯನ್ನು 13 ಭಾಷೆಗಳಲ್ಲಿ ನಡೆಸಿದರು. ಅದರಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಭಾಷೆ ಬರುವುದಿಲ್ಲವೆಂಬ ನೆಪ ಇನ್ನು ನಡೆಯದು.

ಭರ್ತಿ ಎಂದ ಕೂಡಲೇ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ. ಇಷ್ಟು ಲಕ್ಷ ಕೊಡಿ, ಕೆಲಸ ಪಕ್ಕಾ ಎನ್ನುತ್ತಾರೆ. ಅಪ್ಪ ಹೊಲ ಅಡವಿಟ್ಟು, ಅವ್ವ ಬಂಗಾರ ಮಾರಿ ಹಣ ಹೊಂದಿಸುತ್ತಾರೆ. ಇಂಥವರನ್ನು ನಂಬಬೇಡಿರೆಂದು ಸೇನೆಯೇ ಮೇಲಿಂದ ಮೇಲೆ ಎಚ್ಚರಿಸಿದೆ. ಹಣ ಹೋಗುವ ಮಾತು ಒಂದು ಕಡೆ ಇರಲಿ. ಲಂಚ ಕೊಟ್ಟು ಸಮವಸ್ತ್ರ ಧರಿಸಿದವನು ನಾಳೆ ಆ ಹಣವನ್ನು ಎಲ್ಲಿಂದ ತೆಗೆಯುತ್ತಾನೆ? ಜವಾನರ ರೇಷನ್ನಿನಿಂದಲೇ? ಡೀಸೆಲ್‌ನಿಂದಲೇ? ಕಾರ್ಯಪ್ಪನವರ ಸಾಲಿನಲ್ಲಿ ನಿಲ್ಲುವ ಹಕ್ಕನ್ನು ಅವನು ಮೊದಲ ದಿನವೇ ಕಳೆದುಕೊಂಡಿರುತ್ತಾನೆ. ನಿಮ್ಮ ವೃತ್ತಿಧರ್ಮದ ಮೊದಲ ಪರೀಕ್ಷೆ ಗಡಿಯಲ್ಲಿ ಅಲ್ಲ, ನಿಮ್ಮ ಮನೆಯ ಕಟ್ಟೆಯ ಮೇಲೆ ನಡೆಯುತ್ತದೆ.

ಎಲ್ಲರೂ ಸೈನಿಕರಾಗಲು ಸಾಧ್ಯವಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಸೈನಿಕನ ಅನುಕ್ರಮವನ್ನು ಎಲ್ಲರೂ ಪಾಲಿಸಬಹುದು. ಶಿಕ್ಷಕನಿಗೆ ಮೊದಲು ಮಕ್ಕಳು, ಆಮೇಲೆ ತನ್ನ ಗಡಿಯಾರ. ನರ್ಸಿಗೆ ಮೊದಲು ರೋಗಿ. ಅಂಗಡಿಕಾರನಿಗೆ ಮೊದಲು ಸರಿಯಾದ ತೂಕ. ಪಗಾರ ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು. ಅದರ ಜೊತೆ ಬಂದ ಅಮಾನತ್ತನ್ನೂ ಕಾಪಾಡಿರಿ. ನೌಕರಿ ಮತ್ತು ಖಿದ್ಮತ್ ಎರಡನ್ನೂ ಒಂದೇ ಕೈಯಲ್ಲಿ ಹಿಡಿಯುವ ಶಕ್ತಿ ನಮ್ಮ ಮಕ್ಕಳಿಗೆ ಬರಲೆಂದು ಹಾರೈಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ.