ಹಿಮದ ನಾಡಿನ ಬಾನುಲಿ

(ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಇಂದು ನಿಮ್ಮನ್ನು ಬಹಳ ದೂರ ಕರೆದುಕೊಂಡು ಹೋಗುತ್ತೇನೆ. ಅಮೆರಿಕದ ತೀರ ಉತ್ತರದ ರಾಜ್ಯ ಅಲಾಸ್ಕಾ. ಅಲ್ಲಿ ಕಸ್ಕೊಕ್ವಿಮ್ ಎಂಬ ದೊಡ್ಡ ನದಿಯ ದಂಡೆಗೆ ಬೆಥೆಲ್ ಎಂಬ ಊರಿದೆ. ಜನಸಂಖ್ಯೆ ಸುಮಾರು 6 ಸಾವಿರ. ಸುತ್ತ ಹತ್ತಾರು ಸಣ್ಣ ಹಳ್ಳಿಗಳು. ಹೊರಗಿನಿಂದ ಈ ಊರಿಗೆ ಒಂದೂ ರಸ್ತೆಯಿಲ್ಲ. ರಸ್ತೆ, ಸೇತುವೆಗಳಲ್ಲೇ ನೌಕರಿ ಕಳೆದ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ! ವಿಮಾನದಲ್ಲಿ ಹೋಗಬೇಕು, ಬೇಸಿಗೆಯಲ್ಲಿ ದೋಣಿಯೂ ಉಂಟು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯೇ ರಸ್ತೆ.

ಅಲ್ಲಿ 1971ರಿಂದ ಕೆ.ವೈ.ಯು.ಕೆ. ಎಂಬ ಬಾನುಲಿ ಕೇಂದ್ರ ನಡೆದಿದೆ. ನಡೆಸುವವರು ಊರವರೇ. ಇಂಗ್ಲಿಷಿನ ಜೊತೆಗೆ ಮೂಲನಿವಾಸಿಗಳ ಯುಪಿಕ್ ನುಡಿಯಲ್ಲೂ ಸುದ್ದಿ ಓದುತ್ತಾರೆ. ಆ ನುಡಿ ಆಡುವವರು ಹತ್ತು ಸಾವಿರದಷ್ಟು ಜನ ಮಾತ್ರ. ಒಂದು ಕಾಲಕ್ಕೆ ಶಾಲೆಯಲ್ಲಿ ಆ ನುಡಿ ಆಡಿದ ಮಕ್ಕಳಿಗೆ ಶಿಕ್ಷೆಯಿತ್ತು. ಅದೇ ನುಡಿ ಈಗ ಅಧಿಕೃತ ಸುದ್ದಿಯಾಗಿ ಮನೆಯೊಳಗೆ ಕೇಳುತ್ತದೆ.

ಕೇಂದ್ರದ ಶಕ್ತಿ 10 ಕಿಲೋವಾಟ್, ತರಂಗ 640 ಕಿಲೋಹರ್ಟ್ಸ್. ನಾವು ಹೊಲದ ಬದುವಿನ ಮೇಲೆ ಕೂತು ಧಾರವಾಡ ಆಕಾಶವಾಣಿ ಕೇಳುತ್ತಿದ್ದೆವಲ್ಲ, ಅದೇ ಮೀಡಿಯಂ ವೇವ್. ಎಫ್.ಎಂ. ತರಂಗ ಹೆಚ್ಚುಕಡಿಮೆ ಗೋಪುರಕ್ಕೆ ಕಾಣುವಷ್ಟು ದೂರ ಹೋಗಿ ನಿಲ್ಲುತ್ತದೆ. ಮೀಡಿಯಂ ವೇವ್ ನೆಲ ಹಿಡಿದು ತೆವಳುತ್ತದೆ. ನೆಲ ಒದ್ದೆಯಿದ್ದಷ್ಟೂ ಮುಂದೆ ಸಾಗುತ್ತದೆ. ಬೆಥೆಲ್ ಸುತ್ತಲಿನದು ಜೌಗಿನ ಬಯಲು. ಒಂದೇ ಗೋಪುರದ ದನಿ ಹಳ್ಳಿಹಳ್ಳಿಗೆ ಮುಟ್ಟುತ್ತದೆ.

ಜನ ಕಿವಿಗೊಡುವುದು ಯಾವುದಕ್ಕೆ? ಹವೆ ಹೇಗಿದೆ, ಮೀನು ಹಿಡಿಯಲು ಯಾವ ದಿನ ಅನುಮತಿ, ನದಿಯ ಮಂಜುಗಡ್ಡೆ ಎಲ್ಲಿ ಗಟ್ಟಿ, ಎಲ್ಲಿ ತೆಳು. ಈ ಕೊನೆಯದನ್ನು ಅಜ್ಜಿಗೆ ತಿಳಿಯದ ನುಡಿಯಲ್ಲಿ ಹೇಳಿದರೆ ಏನು ಬಂತು?

ಇಂಥ ಕೇಂದ್ರಕ್ಕೆ ಜಾಹೀರಾತು ಎಲ್ಲಿಂದ ಬರಬೇಕು? ಆದಾಯದ ಸುಮಾರು ಶೇ. 70ರಷ್ಟು ಒಕ್ಕೂಟ ಸರ್ಕಾರದ ಹಣವಾಗಿತ್ತು. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಮೀಸಲಿಟ್ಟಿದ್ದ 110 ಕೋಟಿ ಡಾಲರ್ ಹಿಂತೆಗೆದುಕೊಂಡಿತು. ದೊಡ್ಡ ನಗರಗಳ ಕೇಂದ್ರಗಳು ಹೇಗೋ ತಡೆದುಕೊಳ್ಳುತ್ತವೆ. ಬೆಥೆಲ್‌ನದು ಹೇಗೆ ತಡೆದೀತು?

ಅವರನ್ನು ಬೈಯುವ ಮೊದಲು ನನ್ನದೂ ಒಂದು ಒಪ್ಪಿಕೊಳ್ಳುತ್ತೇನೆ. ‘ಫಲಾನುಭವಿಗಳು ಕಡಿಮೆ, ತಲಾ ವೆಚ್ಚ ಅಧಿಕ’ ಎಂದು ಷರಾ ಬರೆದು ನಾನೂ ಕಡತ ಹಿಂದಿರುಗಿಸಿದ್ದೇನೆ. ಒಂದು ತಾಂಡಾದ ಹಳ್ಳಕ್ಕೆ ಕಿರುಸೇತುವೆ ಬೇಕಿತ್ತು. ನಲವತ್ತು ಮನೆ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಮಳೆಗಾಲದಲ್ಲಿ ಬಸುರಿಯನ್ನು ಹೊತ್ತು ಹಳ್ಳ ದಾಟುವುದಕ್ಕೆ ಆ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಹಣ ಹಿಂತೆಗೆದುಕೊಂಡ ಮೂರೇ ತಿಂಗಳಿಗೆ, ಅಕ್ಟೋಬರ್‌ನಲ್ಲಿ, ಹಾಲೊಂಗ್ ಚಂಡಮಾರುತದ ಶೇಷ ಆ ಕರಾವಳಿಗೆ ಅಪ್ಪಳಿಸಿತು. ಕಿಪ್ನಕ್, ಕ್ವಿಗಿಲಿಂಗಾಕ್ ಎಂಬ ಹಳ್ಳಿಗಳಲ್ಲಿ ಮನೆಗಳು ಒಳಗಿದ್ದ ಜನರ ಸಮೇತ ತೇಲಿಹೋದವು. ಸಾವಿರಾರು ಜನ ಹೊತ್ತ ನೆಲೆ ಕಳೆದುಕೊಂಡರು. ಅನೇಕರನ್ನು ವಿಮಾನದಲ್ಲಿ ಬೆಥೆಲ್‌ಗೆ, ಅಲ್ಲಿಂದ ಮುಂದಕ್ಕೆ ಸಾಗಿಸಿದರು. ಆಗ ಎರಡೂ ನುಡಿಗಳಲ್ಲಿ ಸುದ್ದಿ ಕೊಟ್ಟದ್ದು ಇದೇ ಕೆ.ವೈ.ಯು.ಕೆ.

ಈಗ ಆ ಕೇಂದ್ರದವರು ಕೇಳುಗರ ಮುಂದೆ ದೇಣಿಗೆಗೆ ಕೈಚಾಚಿದ್ದಾರೆ. ನನ್ನ ತಾಂಡಾದ ಸೇತುವೆಯೂ ಆಯಿತು, ನಾನು ನಿವೃತ್ತನಾದ ಮೇಲೆ, ಬೇರೆಯವರ ಸಹಿಯಿಂದ.