ಕಾವಲೂರಿನ ಆಕಾಶ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಜ್ಞಾನ ವಸ್ತುಪ್ರದರ್ಶನದ ದಿನ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ಏಳನೆಯ ತರಗತಿಯ ಮಕ್ಕಳು ಮಣ್ಣು, ಇದ್ದಿಲುಗಳಿಂದ ಮಾಡಿಟ್ಟಿರುವ ಕ್ಷುದ್ರಗ್ರಹಗಳನ್ನು ತಾವೆಲ್ಲ ನೋಡಿ ಬಂದಿದ್ದೀರಿ. ಅವುಗಳ ಮುಂದೆ ನಿಂತ ತಾಯಿಯೊಬ್ಬರು, "ಇದನ್ನೆಲ್ಲ ಕನ್ನಡದಲ್ಲಿ ಓದಿದರೆ ಮುಂದೆ ಪ್ರಯೋಜನವಾದೀತೇ?" ಎಂದು ಕೇಳಿದರು. ಪ್ರವೇಶದ ತಿಂಗಳಲ್ಲಿ ನಾವು ಪ್ರತಿವರ್ಷವೂ ಕೇಳುವ ಪ್ರಶ್ನೆ ಇದು. ಇದನ್ನು ಕೇಳಿ ಮುನಿಸಿಕೊಳ್ಳುವುದು ಸುಲಭ. ಉತ್ತರ ಕೊಡುವುದು ನಮ್ಮ ಕರ್ತವ್ಯ.

ಹೆಸರಿನಿಂದಲೇ ಆರಂಭಿಸೋಣ. 'ಕ್ಷುದ್ರಗ್ರಹ'ವೆಂದೊಡನೆ ಚಿಕ್ಕ ಮಕ್ಕಳು ಕ್ಷುದ್ರದೇವತೆಗಳನ್ನು ನೆನೆದು ಬೆದರುವುದುಂಟು. ಇಲ್ಲಿ ಆ ಪದಕ್ಕೆ ಚಿಕ್ಕದು ಎಂಬಷ್ಟೇ ಅರ್ಥ. ನಮಗೆ 'ಕಿರುಗ್ರಹ'ವೇ ಹೆಚ್ಚು ಪ್ರಿಯ. ಇದೇ ಮಕ್ಕಳು ತಮಿಳಿನಲ್ಲಿ 'ಸಿರುಕೋಳ್' ಎಂಬ ಮಾತನ್ನು ಕೇಳುತ್ತಾರೆ. ನಮ್ಮ ಕಿರು, ಅವರ ಸಿರು ಒಂದೇ ಬೇರಿನವು. ತೆಲುಗು ಮನೆಮಾತಿನ ಮಗುವಿಗೆ ಅದು 'ಗ್ರಹಶಕಲ'. ಹೊಸೂರು ಸೀಮೆಯಲ್ಲಿ ಒಂದು ಬೆಂಚಿನ ಮೇಲೆಯೇ ಈ ಮೂರೂ ಮಾತುಗಳು ಕೂತಿರುತ್ತವೆ. ಒಂದೇ ಕಲ್ಲನ್ನು ಮೂರು ಹೆಸರುಗಳಿಂದ ಗುರುತಿಸಬಲ್ಲ ಮಗುವಿಗೆ ನಾಲ್ಕನೆಯದಾಗಿ 'ಆಸ್ಟರಾಯ್ಡ್' ಎಂಬುದು ಭಾರವಾಗಲಾರದು. ವಸ್ತು ತಿಳಿದಿರಬೇಕು, ಅಷ್ಟೆ.

ನಮ್ಮ ತಲೆಮಾರಿಗೆ ಬಾಹ್ಯಾಕಾಶದ ಹುಚ್ಚು ಹಿಡಿದದ್ದು ಪಠ್ಯಪುಸ್ತಕದಿಂದಲ್ಲ, ದೂರದರ್ಶನದಿಂದ. 1980ರ ದಶಕದಲ್ಲಿ 'ಸ್ಟಾರ್ ಟ್ರೆಕ್' ಬರುತ್ತಿದ್ದಾಗ, ಟೀವಿ ಇದ್ದ ಮನೆಯ ನಡುಮನೆಯಲ್ಲಿ ಬೀದಿಯ ಮಕ್ಕಳೆಲ್ಲ ಸೇರುತ್ತಿದ್ದೆವು. ಇಂಗ್ಲಿಷ್ ಮಾತು ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು. ರಟ್ಟಿನ ಬಂಡೆಗಳೆಂದು ಈಗಿನ ಮಕ್ಕಳು ನಗಬಹುದು, ನಗಲಿ. ಆ ಮಾಲಿಕೆಯ 1968ರ ಒಂದು ಕಂತಿನಲ್ಲಿ ಭಾರಿ ಕಿರುಗ್ರಹವೊಂದು ಒಂದು ಲೋಕದತ್ತ ಧಾವಿಸುತ್ತಿರುತ್ತದೆ. ನೌಕೆಯವರು ತಮ್ಮ ಯಂತ್ರಬಲವನ್ನೆಲ್ಲ ಹೂಡಿದರೂ ಅದು ದಾರಿ ಬದಲಿಸುವುದಿಲ್ಲ. ಆ ಲೋಕದ ಕಾಡಿನ ನಡುವೆ ಪೂರ್ವಕಾಲದವರು ನಿಲ್ಲಿಸಿ ಹೋದ ಸ್ತಂಭವೊಂದಿದೆ. ಕಲ್ಲನ್ನು ತಳ್ಳಿಹಾಕುವ ಯಂತ್ರ ಅದರೊಳಗಿದೆ. ಆದರೆ ಅದನ್ನು ತೆರೆಯುವ ಬಗೆ ಯಾರಿಗೂ ಗೊತ್ತಿಲ್ಲ. ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ ಬರಬೇಕಾಗಿದ್ದ ವಿದ್ಯೆ ಅದು. ಹೇಳುವ ಮೊದಲೇ ತಂದೆ ತೀರಿಕೊಂಡಿದ್ದ. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಆ ಕಥೆಯಲ್ಲಿ ನಮ್ಮನ್ನು ಕಾಡುವುದು ನೌಕೆಯಲ್ಲ, ಆ ಸ್ತಂಭ.

ಆಗ ನಮಗೆ ತಿಳಿಯದೆ ಇದ್ದದ್ದೊಂದಿದೆ. ಆ ಕಥೆಯ ಕೆಲಸ ನಮ್ಮ ನೆರೆಯಲ್ಲಿಯೇ ನಡೆದಿತ್ತು. ಕೃಷ್ಣಗಿರಿ, ತಿರುಪತ್ತೂರುಗಳ ಮೇಲೆ ಅರ್ಧ ದಿನದ ದಾರಿಯಲ್ಲಿ ಜವ್ವಾದಿ ಬೆಟ್ಟಗಳಿವೆ. ಅಲ್ಲಿನ ಕಾವಲೂರಿನಲ್ಲಿ, ಕತ್ತಲು ದಟ್ಟವಾಗಿದೆ ಎಂಬ ಕಾರಣಕ್ಕೆ, ವೇಣು ಬಾಪು ಅವರು 1960ರ ದಶಕದಲ್ಲಿ ವೀಕ್ಷಣಾಲಯ ಕಟ್ಟಿಸಿದರು. 1977ರಲ್ಲಿ ಯುರೇನಸ್ಸಿಗೆ ಬಳೆಗಳಿವೆಯೆಂಬ ಶೋಧದಲ್ಲಿ ಅದಕ್ಕೂ ಪಾಲಿದೆ. 1980ರ ದಶಕದ ಕೊನೆಗೆ ಅಲ್ಲಿ 'ಕಲ್ಕಿ' ಎಂಬ ಯೋಜನೆ ನಡೆಯಿತು. ಹತ್ತನೆಯ ಅವತಾರದ ಹೆಸರು. ಕೆಲಸ ಮಾತ್ರ ತಾಳ್ಮೆಯದು. ಆಕಾಶದ ಒಂದೇ ಭಾಗವನ್ನು ಸ್ವಲ್ಪ ಹೊತ್ತಿನ ಅಂತರದಲ್ಲಿ ಎರಡು ಸಲ ಚಿತ್ರಿಸಿ ಹೋಲಿಸಬೇಕು. ನಕ್ಷತ್ರಗಳು ಕದಲುವುದಿಲ್ಲ, ಸೂರ್ಯನನ್ನು ಸುತ್ತುವ ಕಲ್ಲು ಕದಲಿರುತ್ತದೆ. ಹೀಗೆ ಹುಡುಕುತ್ತ 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಅವರು 45 ಸೆಂಟಿಮೀಟರಿನ ಷ್ಮಿಟ್ ದೂರದರ್ಶಕದಿಂದ ಹೊಸ ಕಿರುಗ್ರಹವೊಂದನ್ನು ಕಂಡರು. ಮದರಾಸಿನ ವೀಕ್ಷಣಾಲಯದಿಂದ ಪಾಗ್ಸನ್ ಅವರು 1861ರಲ್ಲಿ 'ಏಷ್ಯಾ' ಎಂಬುದನ್ನೂ, 1885ರಲ್ಲಿ 'ವೀರಾ' ಎಂಬುದನ್ನೂ ಕಂಡಿದ್ದರು. ಆನಂತರ ಭಾರತದ ನೆಲದಿಂದ ಕಂಡದ್ದು ಇದು, ನೂರು ವರ್ಷಗಳ ಮೇಲೆ. ಅದಕ್ಕೆ 4130 ರಾಮಾನುಜನ್ ಎಂಬ ಹೆಸರಾಯಿತು. ಆ ಗಣಿತಜ್ಞರು ಹುಟ್ಟಿದ ಈರೋಡು ನಮಗೆ ದೂರವೇನಲ್ಲ. ಈ ರಾಮಾನುಜನ್ ಮಂಗಳ, ಗುರುಗಳ ನಡುವೆಯೇ ಸುತ್ತುವಂಥದು. ಭೂಮಿಯ ತಂಟೆಗೆ ಬರುವುದಿಲ್ಲ.

ತಂಟೆಗೆ ಬರುವುವೂ ಇವೆ. 2013ರ ಫೆಬ್ರವರಿ 15ರಂದು ರಷ್ಯದ ಚೆಲ್ಯಾಬಿನ್‌ಸ್ಕ್ ನಗರದ ಮೇಲೆ ಸುಮಾರು 20 ಮೀಟರಿನ ಕಲ್ಲೊಂದು ಸಿಡಿಯಿತು. ಸೂರ್ಯನ ದಿಕ್ಕಿನಿಂದ ಬಂದುದರಿಂದ ಯಾವ ದೂರದರ್ಶಕವೂ ಅದನ್ನು ಮೊದಲೇ ಕಂಡಿರಲಿಲ್ಲ. ಮೊದಲು ಕಣ್ಣು ಕೋರೈಸುವ ಬೆಳಕು. ಜನ ಏನೆಂದು ನೋಡಲು ಕಿಟಕಿಗೆ ಧಾವಿಸಿದರು. ಸುಮಾರು ಎರಡು ನಿಮಿಷಗಳ ನಂತರ ಸ್ಫೋಟದ ಅಲೆ ಬಂದು ಗಾಜುಗಳನ್ನು ಪುಡಿಮಾಡಿತು. ಸುಮಾರು 1,500 ಮಂದಿ ಗಾಯಗೊಂಡರು. ಅಲ್ಲಿನ ಒಂದು ಶಾಲೆಯ ನಾಲ್ಕನೆಯ ತರಗತಿಯ ಅಧ್ಯಾಪಕಿಯೊಬ್ಬರು ಮಾತ್ರ, ಆ ಬೆಳಕು ಏನೆಂದು ತಿಳಿಯದಿದ್ದರೂ, 44 ಮಕ್ಕಳನ್ನು ಮೇಜುಗಳ ಕೆಳಗೆ ಅಡಗಿಸಿದರು. ಗಾಜು ಅವರಿಗೆ ತಗುಲಿತು, ಮಕ್ಕಳಿಗೆ ತಗುಲಲಿಲ್ಲ. ಬೆಳಕಿನ ಹಿಂದೆ ಸದ್ದು ಬರುತ್ತದೆಂಬುದು ನಾವು ಎಂಟನೆಯ ತರಗತಿಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಕೇಳುವ ವಿಷಯ. ಅದನ್ನು ಕನ್ನಡದಲ್ಲಿ ಕಲಿತ ಮಗುವೂ ಕಿಟಕಿಯಿಂದ ಹಿಂದೆ ಸರಿಯಬಲ್ಲದು.

ಇನ್ನು ಆ ಸ್ತಂಭದ ಕೆಲಸ. 2022ರ ಸೆಪ್ಟೆಂಬರ್ 26ರಂದು ನಾಸಾದ 'ಡಾರ್ಟ್' ನೌಕೆ, ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ, ಡೈಮಾರ್ಫಸ್ ಎಂಬ 160 ಮೀಟರಿನ ಕಲ್ಲಿಗೆ ಬೇಕೆಂದೇ ಡಿಕ್ಕಿ ಹೊಡೆಯಿತು. ತನ್ನ ಜೊತೆಗಾರ ಕಲ್ಲನ್ನು 11 ಗಂಟೆ 55 ನಿಮಿಷಗಳಲ್ಲಿ ಸುತ್ತುತ್ತಿದ್ದುದು ಅರ್ಧ ಗಂಟೆಗಿಂತ ಹೆಚ್ಚೇ ಬೇಗ ಸುತ್ತತೊಡಗಿತು. ಕಥೆಯ ನೌಕೆಗೆ ಆಗದ್ದು ರೆಫ್ರಿಜರೇಟರಿಗಿಂತ ಸ್ವಲ್ಪವೇ ದೊಡ್ಡದಾದ ಪೆಟ್ಟಿಗೆಯೊಂದಕ್ಕೆ ಆಯಿತು.

ಆದರೆ ತಳ್ಳುವ ಮೊದಲು ಕಾಣಬೇಕು, ಕಾಣಲು ಕತ್ತಲು ಬೇಕು. ನಮ್ಮ ಹಿರಿಯ ವಿದ್ಯಾರ್ಥಿಗಳು ಈ ಅಂಗಳದಿಂದ ಹಾಲುಹಾದಿ ನೋಡಿದವರು. ಈಗ ವಾಯವ್ಯಕ್ಕೆ ಬೆಂಗಳೂರಿನ ಬೆಳಗು, ಸುತ್ತ ಕಾರ್ಖಾನೆಗಳ ದೀಪ. ಅನ್ನ ಕೊಡುವ ದೀಪಗಳು ಅವು, ದೂರುವುದಿಲ್ಲ. ನಮ್ಮ ಶಾಲೆಯ ಅಂಗಳದ ದೀಪಗಳಿಗೆ ಮಾತ್ರ ಮೇಲ್ಮುಚ್ಚಳ ಹಾಕಿಸಿ ಬೆಳಕನ್ನು ನೆಲಕ್ಕೆ ತಿರುಗಿಸಬೇಕೆಂದಿದ್ದೇವೆ. ಹಳೆಯ ವಿದ್ಯಾರ್ಥಿಗಳಲ್ಲಿ ವಿದ್ಯುತ್ ಕೆಲಸ ಬಲ್ಲವರು ದಯವಿಟ್ಟು ಸಭೆಯ ನಂತರ ಉಳಿಯಬೇಕು.

2029ರ ಏಪ್ರಿಲ್ 14ರ ಬೆಳಗಿನ ಜಾವ, ನಮ್ಮ ಗಡಿಯಾರದಲ್ಲಿ 3 ಗಂಟೆ 16 ನಿಮಿಷಕ್ಕೆ, ಅಪೋಫಿಸ್ ಎಂಬ ಕಿರುಗ್ರಹ ಭೂಮಿಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿದೆ. ನಮ್ಮ ಟೀವಿಗೆ ಚಿತ್ರ ಕಳುಹಿಸುವ ಉಪಗ್ರಹಗಳು ಇರುವುದೇ 36,000 ಕಿಲೋಮೀಟರ್ ಎತ್ತರದಲ್ಲಿ. ಢಿಕ್ಕಿಯ ಭಯವಿಲ್ಲವೆಂದು ಲೆಕ್ಕ ಹಾಕಿ ಹೇಳಿದ್ದಾರೆ. ಅಂದು ತಮಿಳು ಹೊಸ ವರ್ಷದ ದಿನ. ಹೇಗೂ ಮನೆಗಳಲ್ಲಿ ಬೇಗ ಏಳುವರು. ಅಂದು ಪತ್ರಿಕೆಗಳು ಪ್ರಳಯವೆಂದು ಬರೆದರೆ, ಮನೆಯವರಿಗೆ ಸಮಾಧಾನ ಹೇಳಬೇಕಾದವರು ಇಂದು ಇದ್ದಿಲಿನ ಮಾದರಿ ಮಾಡಿರುವ ಈ ಮಕ್ಕಳೇ.

ಬರುವ ಜನವರಿಯಲ್ಲಿ ಎಂಟು, ಒಂಬತ್ತನೆಯ ತರಗತಿಗಳನ್ನು ಕಾವಲೂರಿಗೆ ಕರೆದೊಯ್ಯಲಿದ್ದೇವೆ. ಹೆಣ್ಣುಮಕ್ಕಳನ್ನು ರಾತ್ರಿ ಪ್ರಯಾಣವೆಂದು ತಡೆಯಬೇಡಿರಿ, ಅಧ್ಯಾಪಕಿಯರು ಜೊತೆಗಿರುತ್ತೇವೆ. ಒಪ್ಪಿಗೆಯ ಪತ್ರಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಬೆಟ್ಟದ ಮೇಲೆ ಚಳಿ. ಒಂದೊಂದು ಕಂಬಳಿ ಕೊಟ್ಟು ಕಳುಹಿಸಿರಿ.